ನುಂಗಿದರೆ ನೋವು: ಮೊದಲು ಮಾತ್ರೆಯಾ, ಎಂಡೋಸ್ಕೋಪಿಯಾ?

ಆರೋಗ್ಯವಾಗಿರುವವರಿಗೂ ಅನ್ನನಾಳದಲ್ಲಿ ಸೋಂಕು ಆಗುತ್ತದೆ, ಅಪರೂಪ ಅಷ್ಟೇ. ಖರ್ಚು ನೋಡಿದರೆ ಡಾಕ್ಟರ್ ಬರೆದುಕೊಡುವ, ಫಂಗಸ್ ಸೋಂಕಿನ ಫ್ಲುಕೊನಜೋಲ್ ಮಾತ್ರೆಯೇ ಅಗ್ಗ. ಆಸ್ತಮಾಗೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆದು ಬಾಯಿ ಮುಕ್ಕಳಿಸದೆ ಬಿಡ್ತೀರಾ, ನಾಲಿಗೆ ಮೇಲೆ ಒಡೆದ ಹಾಲಿನಂಥ ಬಿಳಿ ಪದರ ಇದೆಯಾ? ಹಾಗಾದರೆ ಕ್ಯಾಂಡಿಡಾ ಅನ್ನೋ ಫಂಗಸ್‌ನ ಅನುಮಾನ ಜಾಸ್ತಿ, ಮಾತ್ರೆಯಿಂದ ಶುರು ಮಾಡಬಹುದು. ಕೋರ್ಸ್ 14ರಿಂದ 21 ದಿನ. ವಾರದೊಳಗೆ ನೋವು ಇಳಿಯದಿದ್ದರೆ ಎಂಡೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯನ್ನು ಬಾಯಿಂದ ಇಳಿಸಿ ಅನ್ನನಾಳ ನೋಡುವ ಪರೀಕ್ಷೆ) ಮಾಡಿಸಿ.

ಜ್ವರ ಬಂದು, ಒಂದು ಗುಟುಕು ನೀರಿಗೂ ಎದೆಮೂಳೆಯ ಹಿಂದೆ ಚುಚ್ಚಿದ ಹಾಗಾದರೆ ಹರ್ಪಿಸ್ ವೈರಸ್ ಇರಬಹುದು. ಅದಕ್ಕೆ ಈ ಮಾತ್ರೆ ಸುಮ್ನೆ ದಂಡ. ಎಂಡೋಸ್ಕೋಪಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ದುಡ್ಡೂ ಜಾಸ್ತಿ, ನಿಜ. ಆದರೆ ಅನ್ನನಾಳದಲ್ಲಿರುವ ಹುಣ್ಣಿನ ಅಂಚಿನಿಂದ ತೆಗೆದ ಚಿಕ್ಕ ಚೂರನ್ನು ಲ್ಯಾಬ್‌ನಲ್ಲಿ ನೋಡಿದರೆ ಯಾವ ಸೋಂಕು ಅಂತ ಗೊತ್ತಾಗುತ್ತದೆ. ನೀರೂ ಇಳಿಯುತ್ತಿಲ್ಲವಾ, ರಕ್ತ ವಾಂತಿ ಆಯ್ತಾ? ಇವತ್ತೇ ಆಸ್ಪತ್ರೆಗೆ ಹೋಗಿ.