ಗುಡಿಸುವುದರಲ್ಲಿ ಗಟ್ಟಿ, ವೈಫೈಗೆ ಸೇರಿಸುವುದೇ ಕಷ್ಟ

ಅಮ್ಮನಿಗೆ ಮೊಣಕಾಲು ನೋವು. ಇನ್ನು ಬಗ್ಗಿ ಕಸ ಗುಡಿಸುವುದು ಬೇಡ ಅಂತ ಮೂರು ತಿಂಗಳ ಹಿಂದೆ ಈ ರೋಬೋಟ್ ವ್ಯಾಕ್ಯೂಮ್ ಕ್ಲೀನರ್ ತಂದೆ. ಗುಡಿಸುವ ವಿಷಯದಲ್ಲಿ ಏನೂ ದೂರುವಂತಿಲ್ಲ. ಮಂಚದ ಕೆಳಗೆ ಪೊರಕೆ ತಲುಪದ ಮೂಲೆಗೂ ನುಗ್ಗಿ ಬರುತ್ತದೆ. ಆದರೆ ವೈಫೈಗೆ ಸೇರಿಸಲು ಎರಡು ಸಂಜೆ ಬೇಕಾಯಿತು.

ಆ್ಯಪ್‌ನಲ್ಲಿ ಅಂಕಿ ಏರುತ್ತಾ ಹೋಗಿ ಶೇಕಡಾ 80ರ ಹತ್ತಿರ ನಿಂತುಬಿಡುತ್ತಿತ್ತು. ಆಮೇಲೆ 'ಕನೆಕ್ಟ್ ಆಗಲಿಲ್ಲ'. ಪಾಸ್‌ವರ್ಡ್ ತಪ್ಪಿರಬೇಕು ಅಂತ ನಾಲ್ಕು ಸಲ ಹಾಕಿದೆ. ಕಾರಣ ಬೇರೆಯೇ ಇತ್ತು. ವೈಫೈ ಸಿಗ್ನಲ್ ಬೇರೆ ಬೇರೆ ಬ್ಯಾಂಡ್‌ಗಳಲ್ಲಿ ಬರುತ್ತದೆ; ಈ ಯಂತ್ರ 2.4 ಗಿಗಾಹರ್ಟ್ಸ್ ಬ್ಯಾಂಡ್ ಮಾತ್ರ ಹಿಡಿಯುತ್ತದೆ. ನಮ್ಮ ರೂಟರ್ 2.4 ಮತ್ತು 5 ಎರಡನ್ನೂ ಒಂದೇ ಹೆಸರಲ್ಲಿ ಕೊಡುತ್ತಿತ್ತು, ಫೋನ್ 5ರಲ್ಲಿ ಕೂತಿತ್ತು. ರೂಟರ್ ಸೆಟ್ಟಿಂಗ್ಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟೆ. ವೈಫೈ ಸೆಕ್ಯುರಿಟಿ ಡಬ್ಲ್ಯೂಪಿಎ3 ಎಂಬ ಹೊಸ ಬಗೆಯದಿತ್ತು, ಅದನ್ನೂ ಹಳೆಯ ಡಬ್ಲ್ಯೂಪಿಎ2ಗೆ ಬದಲಿಸಿದೆ.

ಇನ್ನೊಂದು ತೊಡಕು ಫೋನಿನದು. ಮೊದಲ ಸಲ ಸೇರಿಸುವಾಗ ರೋಬೋಟ್ ತನ್ನದೇ ಒಂದು ಪುಟ್ಟ ವೈಫೈ ತೆರೆಯುತ್ತದೆ. ಫೋನ್ ಸ್ವಲ್ಪ ಹೊತ್ತು ಅದಕ್ಕೆ ಅಂಟಿಕೊಂಡಿರಬೇಕು. ಅದರಲ್ಲಿ ಇಂಟರ್ನೆಟ್ ಇರುವುದಿಲ್ಲ, ಅಲ್ವಾ? ಹಾಗಾಗಿ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರಿಬಿಡುತ್ತದೆ. ಡೇಟಾ, ವಿಪಿಎನ್ (ಇಂಟರ್ನೆಟ್ ಅನ್ನು ಬೇರೆ ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ) ಎರಡನ್ನೂ ಆಫ್ ಮಾಡಿ, ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಟ್ಟು ಮತ್ತೆ ಶುರು ಮಾಡಿದೆ. 'ಇಂಟರ್ನೆಟ್ ಇಲ್ಲ, ಇದರಲ್ಲೇ ಇರಬೇಕೇ?' ಎಂದಾಗ ಹೌದು ಒತ್ತಿದೆ. ಮಿಣಮಿಣ ಅನ್ನುತ್ತಿದ್ದ ಪುಟ್ಟ ದೀಪ ಒಮ್ಮೆಲೇ ನಿಂತು ಬೆಳಗಿತು. ಪಕ್ಕದಲ್ಲೇ ಕೂತಿದ್ದ ಅಮ್ಮ ನನಗಿಂತ ಮೊದಲು ಅದನ್ನು ನೋಡಿದರು.

ತಿಂಗಳ ನಂತರ ಮತ್ತೆ ಆಫ್‌ಲೈನ್. ಕಸ್ಟಮರ್ ಕೇರ್‌ನವರು ನೇರವಾಗಿ ಫ್ಯಾಕ್ಟರಿ ರೀಸೆಟ್ ಮಾಡಿ ಅಂದರು. ಮಾಡಿದೆ. ಮನೆಯ ಮ್ಯಾಪ್, ಇಲ್ಲಿಗೆ ಹೋಗಬೇಡ ಅಂತ ಎಳೆದಿದ್ದ ಗೆರೆ, ಎಲ್ಲಾ ಹೋಯಿತು. ಇದು ನನಗೆ ನಿಜಕ್ಕೂ ಬೇಸರ ತಂದ ಸಂಗತಿ. ವೈಫೈ ಮಾತ್ರ ರೀಸೆಟ್ ಮಾಡುವ ದಾರಿ ಬೇರೆ ಇದೆ, ಅದರಲ್ಲಿ ಮ್ಯಾಪ್ ಉಳಿಯುತ್ತದೆ. ಅದನ್ನು ಮೊದಲು ಹೇಳಬೇಕಿತ್ತು. ರೀಸೆಟ್ ಆದಮೇಲೂ ಎರಡೇ ದಿನದಲ್ಲಿ ಮತ್ತೆ ಅದೇ ಕಥೆ. ನೋಡಿದರೆ, ಮನೆ ಜೋಡಿಸುವಾಗ ಚಾರ್ಜಿಂಗ್ ಡಾಕ್, ಅಂದರೆ ರೋಬೋಟ್ ನಿಂತು ಚಾರ್ಜ್ ಆಗುವ ಪೀಠ, ಕಬ್ಬಿಣದ ಬೀರುವಿನ ಸಂದಿಗೆ ಹೋಗಿತ್ತು. ಅಲ್ಲಿಗೆ ಸಿಗ್ನಲ್ಲೇ ಸರಿಯಾಗಿ ಬರುತ್ತಿರಲಿಲ್ಲ. ಡಾಕ್ ಅನ್ನು ಹಾಲ್‌ಗೆ ತಂದಿಟ್ಟ ಮೇಲೆ ಒಂದು ಸಲವೂ ಕಡಿದಿಲ್ಲ.

ರೂಟರ್ ಬದಲಿಸುವವರು ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಹಾಗೇ ಇಡಿ. ಸಾಮಾನ್ಯವಾಗಿ ರೋಬೋಟ್ ತಾನೇ ಸೇರಿಕೊಳ್ಳುತ್ತದೆ.

ಐದಕ್ಕೆ ನಾಲ್ಕು ಸ್ಟಾರ್. 2.4 ಮಾತ್ರ ಎಂಬ ಮಾತು ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದೆ, ಒಂದು ಸ್ಟಾರ್ ಕಳೆದದ್ದು ಅದಕ್ಕೆ. ವೈಫೈ ಇಲ್ಲದ ಆ ದಿನಗಳಲ್ಲೂ ಅಮ್ಮ ಮೇಲಿನ ಬಟನ್ ಒತ್ತಿ ಮನೆ ಗುಡಿಸಿಕೊಂಡರು.