ಕ್ಯಾಮೆರಾಕ್ಕಿಟ್ಟ ಬೊಟ್ಟನ್ನು ನಾನೇ ಕಿತ್ತೆ

ನಮ್ಮನೆ ಕಂಪ್ಯೂಟರಿನ ಕ್ಯಾಮೆರಾಕ್ಕೆ ಮೂರು ವರ್ಷದಿಂದ ಬೊಟ್ಟಿತ್ತು. ಹಣೆಗಿಡುವ ಸ್ಟಿಕ್ಕರ್ ಬೊಟ್ಟೇ, ಮರೂನ್ ಬಣ್ಣದ್ದು, ದೊಡ್ಡ ಸೈಜು. ಮೊದಲು ಅಂಟಿಸಿದವಳು ಮಗಳು. "ಅಮ್ಮಾ, ಯಾರಾದ್ರೂ ಹ್ಯಾಕ್ ಮಾಡಿ ಮನೆಯೊಳಗೆ ನೋಡ್ತಾರೆ. ಫೇಸ್‌ಬುಕ್ಕಿನ ಜುಕರ್‌ಬರ್ಗ್ ಲ್ಯಾಪ್‌ಟಾಪಿಗೇ ಟೇಪ್ ಹಚ್ಚಿದ್ದು 2016ರಲ್ಲಿ ಫೋಟೋದಲ್ಲಿ ಕಂಡಿತ್ತು, ಇನ್ನು ನಿಂದೇನು" ಅಂದಿದ್ದಳು. ಭಾನುವಾರ ಅವಳ ಜೊತೆ ಮಾತಾಡುವಾಗ ಕೀಳುವುದು, ಮಾತು ಮುಗಿದ ಮೇಲೆ ಮತ್ತೆ ಇಡುವುದು, ಅಂಟು ಹೋದರೆ ಪ್ಯಾಕೆಟ್ಟಿನಿಂದ ಹೊಸದು ತೆಗೆಯುವುದು. ಯಾರೂ ಹ್ಯಾಕ್ ಮಾಡಲಿಲ್ಲ. 2024ರ ಜುಲೈನಲ್ಲಿ, ಆಷಾಢದ ಒಂದು ಮಂಗಳವಾರ ಸಂಜೆ, ಗುರುತು ಪರಿಚಯವಿಲ್ಲದ ಒಬ್ಬ "ಮೇಡಂ, ಕಪ್ಪಗೆ ಕಾಣ್ತಿದೆ, ಕ್ಯಾಮೆರಾಕ್ಕೆ ಏನೋ ಅಡ್ಡ ಇದೆ ನೋಡಿ" ಅಂದ. ಉಗುರಿನಿಂದ ಎಬ್ಬಿ ಬೊಟ್ಟು ಕಿತ್ತವಳು ನಾನೇ. ಗಾಜಿನ ಮೇಲೆ ಉಳಿದ ಅಂಟನ್ನು ಸೆರಗಿನಿಂದ ಒರೆಸಿಯೂ ಕೊಟ್ಟೆ.

ಮಾರನೆಯ ದಿನ ಮಧ್ಯಾಹ್ನದೊಳಗೆ 4,80,000 ರೂಪಾಯಿ ಹೋಗಿತ್ತು.

ನಾನು ಹಾಸನದವಳು, ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಿದ್ದು 2021ರಲ್ಲಿ ನಿವೃತ್ತಳಾದೆ. ಈ ಕ್ಯಾಮೆರಾ ತಂದದ್ದು 2020ರ ಜೂನ್‌ನಲ್ಲಿ. ಆಗ ಸ್ಕೂಲು ಮುಚ್ಚಿ ಪಾಠವೆಲ್ಲ ಆನ್‌ಲೈನ್ ಆಗಿತ್ತಲ್ಲ, ಎಲ್ಲೂ ವೆಬ್‌ಕ್ಯಾಮ್ ಸಿಗುತ್ತಿರಲಿಲ್ಲ. 1,400 ರೂಪಾಯಿಯದ್ದಕ್ಕೆ ಅಂಗಡಿಯವನು 3,200 ಹೇಳಿದ, ಚೌಕಾಸಿ ಮಾಡದೆ ಕೊಟ್ಟೆ. ಮಾನಿಟರಿನ ತಲೆಗೆ ಕಚ್ಚಿಕೊಂಡು ಕೂರುವ ಬೆರಳುದ್ದದ ವಸ್ತು, ಆನ್ ಆದರೆ ಪಕ್ಕದಲ್ಲಿ ಒಂದು ನೀಲಿ ದೀಪ. ಸುಳ್ಳೇಕೆ ಹೇಳಲಿ, ಅದರಿಂದ ಆದ ಉಪಕಾರ ದೊಡ್ಡದು. ಹಿಟ್ಟಿನ ಡಬ್ಬದ ಮೇಲೆ ಡಬ್ಬ ಪೇರಿಸಿ, ಅದರ ಮೇಲೆ ಕ್ಯಾಮೆರಾವನ್ನು ಕೆಳಮುಖ ಮಾಡಿ ಕೂರಿಸಿ, ಬಿಳಿ ಹಾಳೆಯ ಮೇಲೆ ಪೈಥಾಗೊರಸ್ ಪ್ರಮೇಯ ಬಿಡಿಸಿ ತೋರಿಸಿದ್ದೇನೆ. ಮೊಮ್ಮಗಳು ಮೊದಲ ಸಲ ಎದ್ದು ನಿಂತದ್ದನ್ನು ಇದರಲ್ಲೇ ನೋಡಿದ್ದು. ಟೊರಾಂಟೊದಲ್ಲಿ ಅವಳು ಪೊತ್ತಂತ ಕೂತರೆ ಹಾಸನದಲ್ಲಿ ನಾನು ಕೈ ಚಾಚಿದ್ದೆ. ಫೋನಿನ ಪುಟ್ಟ ಪರದೆಯಲ್ಲಿ ಆ ಸುಖ ಇಲ್ಲ.

ಇನ್ನೂ ಒಂದನ್ನು ಆ ಕ್ಯಾಮೆರಾ ಕಲಿಸಿತ್ತು. ಅದು ಆಮೇಲೆ ಹೊಳೆದದ್ದು. ಮಕ್ಕಳು ಕ್ಯಾಮೆರಾ ಆಫ್ ಮಾಡಿಕೊಂಡು ಮಲಗಿಬಿಡುತ್ತಿದ್ದರು, ನಾನು "ಆನ್ ಮಾಡ್ರೋ, ಮುಖ ಕಾಣಬೇಕು ನಂಗೆ" ಅಂತ ಗದರುತ್ತಿದ್ದೆ. ಮಗಳು ಹೊರದೇಶಕ್ಕೆ ಹೋಗುವ ಮುಂಚೆ ಇಂಗ್ಲಿಷ್ ಪರೀಕ್ಷೆಯನ್ನು ಮನೆಯಿಂದಲೇ ಬರೆದಳು. ಆ ಕಡೆ ಕೂತ ಯಾರೋ ಮೇಜಿನಡಿ ತೋರಿಸು, ಬಾಗಿಲು ತೋರಿಸು, ಕಿವಿ ತೋರಿಸು ಅಂದರು, ಅವಳು ಒಂದೂ ಮಾತಾಡದೆ ಎಲ್ಲ ತೋರಿಸಿದಳು. 2022ರಲ್ಲಿ ನನ್ನದೇ ಒಂದು ಖಾತೆಗೆ ಬ್ಯಾಂಕಿನವರು ವಿಡಿಯೋ ಕೆವೈಸಿ ಮಾಡಿದರು. ರಿಸರ್ವ್ ಬ್ಯಾಂಕ್ 2020ರ ಜನವರಿಯಿಂದ ಅದಕ್ಕೆ ಒಪ್ಪಿಗೆ ಕೊಟ್ಟಿದೆ, ಅದು ಕಾನೂನುಬದ್ಧವೇ. ಪ್ಯಾನ್ ಕಾರ್ಡನ್ನು ಕ್ಯಾಮೆರಾ ಹತ್ತಿರ ಹಿಡಿಯಿರಿ, ಅಲ್ಲಾಡಿಸಬೇಡಿ ಅಂದರು, ಹಿಡಿದೆ. ಐದು ನಿಮಿಷಕ್ಕೆ ಮುಗಿಯಿತು. ಹೀಗೆ ನಾಲ್ಕು ವರ್ಷದಲ್ಲಿ, ಆ ನೀಲಿ ದೀಪ ಹತ್ತಿದರೆ ಆಚೆ ಕಡೆಯವರು ಹೇಳಿದ್ದನ್ನು ಮಾಡುವುದು ಅಭ್ಯಾಸವಾಗಿಬಿಟ್ಟಿತ್ತು. ಕಳ್ಳರು ನನಗೆ ಹೊಸದಾಗಿ ಏನೂ ಕಲಿಸಬೇಕಾಗಿ ಬರಲಿಲ್ಲ.

ಆ ಮಂಗಳವಾರ ನಮ್ಮೆಜಮಾನ್ರು ಊರಲ್ಲಿರಲಿಲ್ಲ. ಭಾವನವರ ಕಣ್ಣಿನ ಆಪರೇಷನ್ನಿಗೆ ಅಂತ ಶಿವಮೊಗ್ಗಕ್ಕೆ ಹೋಗಿದ್ದರು. ನಾಲ್ಕು ಗಂಟೆಗೆ ಫೋನು. ಮೊದಲು ರೆಕಾರ್ಡ್ ಮಾಡಿದ ಹೆಣ್ಣು ಧ್ವನಿ: ಇದು ಫೋನ್ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಕ ಟ್ರಾಯ್, ಎರಡು ಗಂಟೆಯೊಳಗೆ ನಿಮ್ಮ ನಂಬರ್‌ಗಳೆಲ್ಲ ಬಂದ್ ಆಗುತ್ತವೆ, ಹೆಚ್ಚಿನ ಮಾಹಿತಿಗೆ ಒಂಬತ್ತು ಒತ್ತಿ. ಒತ್ತಿದೆ. ನನ್ನ ಆಧಾರ್ ಕೊಟ್ಟು ಮುಂಬೈಯಲ್ಲಿ ಯಾರೋ ಸಿಮ್ ತೆಗೆದಿದ್ದಾರೆ, ಅದರಿಂದ ಹವಾಲಾ ನಡೆದಿದೆ, ಮುಂಬೈ ಪೊಲೀಸರಿಗೆ ಕೊಡ್ತೀನಿ ಅಂದ ಒಬ್ಬ. 'ಇನ್‌ಸ್ಪೆಕ್ಟರ್' ಲೈನಿಗೆ ಬಂದ. ಮನೆಯಲ್ಲಿ ಕಂಪ್ಯೂಟರ್ ಇದೆಯಾ, ಕ್ಯಾಮೆರಾ ಇದೆಯಾ ಅಂತ ಕೇಳಿದ. ಇದೆ ಅಂದೆ, ಕೊಂಚ ಹೆಮ್ಮೆಯಿಂದಲೇ ಅಂದೆನೋ ಏನೋ. ಸ್ಕೈಪ್ ಹಾಕಿಸಿದ. ಪರದೆಯಲ್ಲಿ ಖಾಕಿ, ಹಿಂದೆ ಬಾವುಟ, ಗೋಡೆಗೆ ಗಾಂಧಿ ಫೋಟೋ, ಎಲ್ಲೋ ವಾಕಿಟಾಕಿಯ ಗರಗರ.

ಬೊಟ್ಟು ಕಿತ್ತದ್ದು ಆಗಲೇ.

ಕ್ಯಾಮೆರಾ ತಿರುಗಿಸಿ ಮನೆ ಪೂರ್ತಿ ತೋರಿಸಿ ಅಂದ, ತೋರಿಸಿದೆ. ಆಧಾರ್ ಹಿಡಿಯಿರಿ ಅಂದ, ಅಲ್ಲಾಡಿಸದೆ ಹಿಡಿದೆ. ಸುಪ್ರೀಂ ಕೋರ್ಟಿನ ಹೆಸರಿದ್ದ ಒಂದು ಕಾಗದ ಪರದೆ ಮೇಲೆ ಬಂತು, ಅದರಲ್ಲಿ ನನ್ನ ಹೆಸರು, ಕೆಂಪು ಮೊಹರು. "ನೀವು ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ. ಕ್ಯಾಮೆರಾದಿಂದ ಆಚೆ ಹೋಗಬಾರದು. ಯಾರಿಗಾದ್ರೂ ಹೇಳಿದ್ರೆ ಅವರ ಮೇಲೂ ಕೇಸ್." ನಮ್ಮ ಹೈಕೋರ್ಟಿನ ಕಲಾಪವನ್ನೇ ಯೂಟ್ಯೂಬಿನಲ್ಲಿ ನೋಡಿದವಳು ನಾನು. ವಿಡಿಯೋದಲ್ಲಿ ಕೋರ್ಟು ನಡೆಯುತ್ತದೆ ಅಂದಮೇಲೆ ಅರೆಸ್ಟೂ ನಡೆಯಬಹುದು ಅನ್ನಿಸಿತು. ಓದಿದವರು ಹೇಗೆ ನಂಬಿದಿರಿ ಅಂತ ಆಮೇಲೆ ಬೇಕಾದಷ್ಟು ಜನ ಕೇಳಿದರು. ಲೂಧಿಯಾನದ ವರ್ಧಮಾನ್ ಜವಳಿ ಸಮೂಹದ ಮುಖ್ಯಸ್ಥ ಎಸ್.ಪಿ. ಓಸ್ವಾಲ್ ಅದೇ ವರ್ಷ ಇದೇ ಥರದ ಸುಳ್ಳು ಕೋರ್ಟಿನ ಎದುರು ಕೂತು 7 ಕೋಟಿ ಕಳೆದುಕೊಂಡರು. ಅವರಿಗೆ ಓದು ಕಡಿಮೆಯಾಗಿತ್ತೇ?

ಐದೂವರೆಗೆ ಒಲೆ ಮೇಲೆ ಹಾಲಿಟ್ಟದ್ದು ನೆನಪಾಯಿತು. ವಾಸನೆ ಬರುತ್ತಿತ್ತು. ನಾನು ಆ ಪರದೆಗೆ ಏನು ಹೇಳಿದೆ ಗೊತ್ತೇ? ಕೈ ಎತ್ತಿ, ನನಗೆ ಬರುವ ಹರಕುಮುರುಕು ಹಿಂದಿಯಲ್ಲಿ, "ಸರ್, ಹಾಲು ಉಕ್ತಾ ಇದೆ, ಹೋಗಿ ಬರ್ಲಾ ಸರ್?" ಮೂವತ್ತು ವರ್ಷ ಮಕ್ಕಳು ನನ್ನೆದುರು ಕಿರುಬೆರಳೆತ್ತಿ "ಮಿಸ್, ಹೊರಗೆ ಹೋಗ್ಲಾ" ಅಂತ ಕೇಳಿದ್ದಾರೆ. ಅವನು ಎರಡು ನಿಮಿಷ ಕೊಟ್ಟ. ನಾನು "ಥ್ಯಾಂಕ್ಯೂ ಸರ್" ಅಂದೆ. ದುಡ್ಡು ಹೋದದ್ದಕ್ಕಿಂತ ಈ ಥ್ಯಾಂಕ್ಯೂ ನನ್ನನ್ನು ಹೆಚ್ಚು ಸುಟ್ಟಿದೆ.

ರಾತ್ರಿ ಒಂಬತ್ತಕ್ಕೆ ಯಜಮಾನ್ರ ಫೋನು. ಸ್ಪೀಕರಿಗೆ ಹಾಕಿ ಮಾತಾಡಿ ಅಂದ ಅವನು. "ಊಟ ಆಯ್ತಾ?" "ಹ್ಞೂ ರೀ, ಆಯ್ತು." ಆಗಿರಲಿಲ್ಲ. ಹಾಲ್‌ನಲ್ಲೇ ಚಾಪೆ ಹಾಸಿ, ಟ್ಯೂಬ್‌ಲೈಟ್ ಆರಿಸದೆ, ಕ್ಯಾಮೆರಾವನ್ನು ನನ್ನ ಕಡೆ ಬಾಗಿಸಿಕೊಂಡು ಮಲಗಿದೆ. ಸೀರೆ ಬದಲಾಯಿಸಲಿಲ್ಲ. ಮೂರು ಗಂಟೆಯ ಸುಮಾರಿಗೆ ಎಚ್ಚರವಾದಾಗ ಸ್ಪೀಕರಿನಲ್ಲಿ ಯಾರೋ ಕೆಮ್ಮಿದರು. ಕಣ್ಣು ಬಿಟ್ಟರೆ ನೀಲಿ ದೀಪ. ಸೆರಗು ಮುಖಕ್ಕೆ ಎಳೆದುಕೊಂಡೆ. "ಮೇಡಂ, ಮುಖ ಕಾಣಬೇಕು" ಅಂತು ಸ್ಪೀಕರು.

ಬೆಳಿಗ್ಗೆ ಮಾತು ದುಡ್ಡಿಗೆ ಬಂತು. ಎಫ್‌ಡಿ ಮುರಿದು 'ಆರ್‌ಬಿಐ ಪರಿಶೀಲನಾ ಖಾತೆ'ಗೆ ಹಾಕಬೇಕು, ಹವಾಲಾ ದುಡ್ಡಲ್ಲ ಅಂತ ಗೊತ್ತಾದ ಮೇಲೆ ಮೂರು ದಿನಕ್ಕೆ ವಾಪಸ್. ಫೋನಿನಲ್ಲಿ ವಿಡಿಯೋ ಹಚ್ಚಿಕೊಂಡು, ಅದನ್ನು ಬ್ಯಾಗಿನ ಬಾಯಿಗೆ ನಿಲ್ಲಿಸಿಕೊಂಡು ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗಿ ಕೇಳಿದಳು, ಅವಳ ಪುಣ್ಯ: "ಮೇಡಂ, ಇಷ್ಟು ದುಡ್ಡು ಯಾರಿಗೆ? ಗೊತ್ತಿರೋರಾ?" ಅವರು ಬಾಯಿಪಾಠ ಮಾಡಿಸಿದ ಸುಳ್ಳು ಹೇಳಿದೆ: "ಮಗಳು ಸೈಟ್ ತಗೋತಿದ್ದಾಳೆ ಕಣಮ್ಮ." 11.40ಕ್ಕೆ ಆರ್‌ಟಿಜಿಎಸ್ ಆಯಿತು. ಮನೆಗೆ ಬಂದು ಮತ್ತೆ ಕ್ಯಾಮೆರಾ ಮುಂದೆ ಕೂತೆ. ಈಗ ಒಡವೆ ಎಷ್ಟಿದೆ ಅಂತ ಕೇಳತೊಡಗಿದ.

ಕರೆಂಟ್ ತೆಗೆಯುತ್ತಾರೆ ಅಂತ ಸೆಸ್ಕ್‌ನವರನ್ನು ಬೈಯದ ದಿನವಿರಲಿಲ್ಲ. ಅವತ್ತಿನಿಂದ ಬಿಟ್ಟಿದ್ದೇನೆ. ಎರಡೂವರೆಗೆ ಆಷಾಢದ ಗಾಳಿಗೆ ಎಲ್ಲೋ ಮರ ಬಿತ್ತು, ಕರೆಂಟ್ ಹೋಯಿತು. ಹಳೇ ಯುಪಿಎಸ್ ಐದು ನಿಮಿಷ ಕೀಂ ಕೀಂ ಅಂದು ಪ್ರಾಣ ಬಿಟ್ಟಿತು. ಬ್ಯಾಂಕಿನಲ್ಲೆಲ್ಲ ವಿಡಿಯೋ ಓಡಿ ಓಡಿ ಸತ್ತಿದ್ದ ಫೋನನ್ನು ಆಗಷ್ಟೇ ಚಾರ್ಜಿಗೆ ಇಟ್ಟಿದ್ದೆ, ಅದೂ ಏಳಲಿಲ್ಲ. ಕಪ್ಪು ಪರದೆಯ ಮುಂದೆ ನಾನು ಕುರ್ಚಿ ಬಿಟ್ಟೇಳಲಿಲ್ಲ. ಕರೆಂಟ್ ಬಂದಾಗ ನಾನಿಲ್ಲದಿದ್ದರೆ ಸಾಹೇಬರಿಗೆ ಸಿಟ್ಟು ಬರುತ್ತದೆ ಅಂತ.

ಪಕ್ಕದ ಮನೆ ಹುಡುಗ, ಡಿಗ್ರಿ ಓದುವವನು, ಬಾಗಿಲು ತಟ್ಟಿದ. "ಆಂಟಿ, ನಿಮ್ಮನೇಲೂ ಹೋಯ್ತಾ?" ನಾನು ಬಾಗಿಲ ಸಂದಿಯಿಂದ ಪಿಸುಗುಟ್ಟಿದೆ: "ಮೆಲ್ಲಗೆ ಮಾತಾಡೋ ಪುಟ್ಟ, ಕೇಳಿಸುತ್ತೆ."

"ಯಾರಿಗೆ ಕೇಳಿಸುತ್ತೆ ಆಂಟಿ? ಒಳಗೆ ಯಾರಿದ್ದಾರೆ?"

ನಾನು ಕಂಪ್ಯೂಟರಿನ ಕಡೆ ಕೈ ತೋರಿಸಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. "ಅದು ಆಫ್ ಆಗಿದೆಯಲ್ಲ ಆಂಟಿ." ಅಷ್ಟೇ ಅಂದದ್ದು. ನನಗೆ ಅಳು ಬಂತು.

ಅವನ ಫೋನಿನಿಂದಲೇ 1930ಕ್ಕೆ ಮಾಡಿದೆವು. ಇದು ಸೈಬರ್ ವಂಚನೆಯ ಸಹಾಯವಾಣಿ, ಈ ನಾಲ್ಕು ಅಂಕಿಯನ್ನು ದಯವಿಟ್ಟು ಫ್ರಿಜ್ ಮೇಲೆ ಬರೆದು ಅಂಟಿಸಿ. ಬ್ಯಾಂಕಿನ ರಸೀದಿಯಲ್ಲಿದ್ದ ಯುಟಿಆರ್ ನಂಬರ್ (ಪ್ರತಿ ಹಣ ವರ್ಗಾವಣೆಗೂ ಬ್ಯಾಂಕು ಕೊಡುವ ಗುರುತಿನ ಸಂಖ್ಯೆ), ದುಡ್ಡು ಹೋದ ಖಾತೆ, ಹೊತ್ತು, ಇಷ್ಟು ಕೇಳಿದರು. ಆ ರಸೀದಿಯನ್ನು ಹರಿದು ಹಾಕಿ ಅಂತ ಕಳ್ಳರು ಹೇಳಿದ್ದರು, ಟೀಚರ್ ಬುದ್ಧಿ, ಕಾಗದ ಹರಿಯಲು ಮನಸ್ಸಾಗಿರಲಿಲ್ಲ. ದುಡ್ಡು ಕಳಿಸಿ ಮೂರು ಗಂಟೆ ದಾಟಿತ್ತು. ಅಷ್ಟರಲ್ಲಿ ಅದು ಆ ಖಾತೆಯಿಂದ ಬೇರೆ ಬೇರೆ ಖಾತೆಗಳಿಗೆ ಹರಿದು ಹಂಚಿಹೋಗಿತ್ತು; 2,10,000 ಮಾತ್ರ ತಡೆಹಿಡಿಯಲು ಆಯಿತು. ನಂತರ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆವು. ನಿಜವಾದ ಪೊಲೀಸರು ನನಗೆ ಕುರ್ಚಿ ಕೊಟ್ಟು ನೀರು ಕೊಟ್ಟರು, ಯಾರೂ ಕ್ಯಾಮೆರಾ ನೋಡಿ ಅನ್ನಲಿಲ್ಲ. ತಡೆದಿಟ್ಟ ದುಡ್ಡು ಕೋರ್ಟ್ ಆದೇಶದ ಮೇಲೆ ವಾಪಸ್ ಬರಲು ಏಳು ತಿಂಗಳು ಹಿಡಿಯಿತು. ಉಳಿದದ್ದು ಉಳಿಯಲಿಲ್ಲ.

ಆ ವರ್ಷ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಇದೇ ವಿಷಯ ಎತ್ತಿದರು, ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ ಅಂದರು. ಅವರು ಕೇಳಿಸಿದ ರೆಕಾರ್ಡಿಂಗ್ ನಮ್ಮ ವಿಜಯಪುರದವರದ್ದು. ಆ ಮನುಷ್ಯ ಹೆದರದೆ ಕಳ್ಳನನ್ನೇ ಆಟ ಆಡಿಸಿದ್ದರು. ಕೇಳಿ ನಕ್ಕೆ, ಹೊಟ್ಟೆಯೂ ಉರಿಯಿತು. ಪೊಲೀಸರು ವಾಟ್ಸ್ಯಾಪಿನಲ್ಲಿ ನೋಟಿಸ್ ಕೊಡುವಂತೆಯೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿತು. ಸ್ಕೈಪ್ ಆ ಮೇ ತಿಂಗಳಲ್ಲಿ ಮುಚ್ಚಿಯೇ ಹೋಯಿತು. ಕಳ್ಳರಿಗೇನು, ವಾಟ್ಸ್ಯಾಪ್ ವಿಡಿಯೋ ಇದೆ.

ಹಾಗಾದರೆ ವೆಬ್‌ಕ್ಯಾಮ್ ಇಟ್ಟುಕೊಳ್ಳಬಾರದೇ ಅಂತ ತಂಗಿ ಕೇಳಿದಳು. ನಾನು ಬಿಸಾಡಿಲ್ಲ. ಹ್ಯಾಕಿಂಗ್ ಭಯ ಸುಳ್ಳೂ ಅಲ್ಲ: ದೀಪ ಹತ್ತದೆಯೇ ಕ್ಯಾಮೆರಾ ಓಡಿಸಬಹುದು ಎಂದು 2013ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಮ್ಯಾಕ್‌ಬುಕ್‌ಗಳಲ್ಲಿ ಮಾಡಿ ತೋರಿಸಿದ್ದಾರೆ. ಪುಕ್ಕಟೆ ಸಾಫ್ಟ್‌ವೇರ್ ಆಸೆಗೆ ಕಂಡಕಂಡದ್ದನ್ನು ಹಾಕಿಕೊಂಡರೆ ಅದರ ಜೊತೆ ಯಾರು ಬರುತ್ತಾರೋ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಕ್ಯಾಮೆರಾ ಅಂತ ಇದೆ, ಯಾವ ಆ್ಯಪ್ ಯಾವಾಗ ಬಳಸಿತು ಅನ್ನುವುದು ಅಲ್ಲಿ ಕಾಣುತ್ತದೆ, ಒಮ್ಮೆ ನೋಡಿಕೊಳ್ಳಿ. ಲ್ಯಾಪ್‌ಟಾಪಿನವರು ದಪ್ಪ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿ ಮಡಚಬೇಡಿ, ಪರದೆ ಒಡೆದೀತು ಎಂದು ಆಪಲ್‌ನವರೇ 2020ರಲ್ಲಿ ಎಚ್ಚರಿಸಿದ್ದರು. ಬೊಟ್ಟಿಗೆ ಆ ಕಾಟವಿಲ್ಲ. ಆದರೆ ಬೊಟ್ಟು, ಟೇಪು, ಮುಚ್ಚಳ ಎಲ್ಲವೂ ಕದ್ದು ನೋಡುವವನಿಗೆ. ತೆಗಿ ಅಂದವನಿಗೆ ನಾವೇ ತೆಗೆದುಕೊಟ್ಟರೆ ಅದೇನು ಮಾಡೀತು. ನನ್ನದು ಯುಎಸ್‌ಬಿ ಕ್ಯಾಮೆರಾ. ಇಪ್ಪತ್ತೆರಡು ಗಂಟೆ ಅದರ ವೈರು ನನ್ನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು, ಎಳೆಯಬಹುದಿತ್ತು. ಎಳೆಯಬಹುದು ಅನ್ನುವುದು ತಲೆಗೇ ಬರಲಿಲ್ಲ. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಕೈಯಲ್ಲಿ ಒಮ್ಮೆ ಆ ವೈರನ್ನು ಎಳೆಸಿ ನೋಡಿ, ಮಾತಿನ ಮಧ್ಯೆಯೇ, ನೀವು ಆ ಕಡೆ ಇರುವಾಗಲೇ. ನಾನೂ ಮಗಳೂ ಹಾಗೆ ಮೂರು ಸಲ ಮಾಡಿದೆವು. ಮೊದಲನೇ ಸಲ ನನಗೆ ಕೈ ನಡುಗಿತು. ಮಗಳ ಮುಖ ಪಟ್ಟಂತ ಮಾಯವಾದದ್ದಕ್ಕೆ ಮೊಮ್ಮಗಳು ಆ ಕಡೆ ಚಪ್ಪಾಳೆ ಹೊಡೆದಳಂತೆ.

ನನ್ನ ಆಧಾರ್ ಚಿತ್ರ ಅವರ ಹತ್ತಿರ ಉಳಿದೇ ಇದೆ. ಅದಕ್ಕೇ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿದ್ದೇನೆ. ಮೊನ್ನೆ ದೋಸೆಗೆ ರುಬ್ಬುತ್ತಿದ್ದಾಗ ಅದೇ ಫೋನು ಮತ್ತೆ ಬಂತು, ಎರಡು ಗಂಟೆಯೊಳಗೆ ನಂಬರ್ ಬಂದ್, ಒಂಬತ್ತು ಒತ್ತಿ. ನಮ್ಮೆಜಮಾನ್ರು ನನ್ನ ಕೈಯಿಂದ ಫೋನ್ ತಗೊಂಡು ಸ್ಪೀಕರಿಗೆ ಹಾಕಿ ಕೊನೆವರೆಗೂ ಕೇಳಿಸಿಕೊಂಡು, ಕಟ್ ಮಾಡಿ, "ಹುಡುಗಿ ಧ್ವನಿ ಮಾತ್ರ ಚೆನ್ನಾಗಿದೆ ಕಣೇ" ಅಂದರು.