ಧರ್ಮಗುರುಗಳಿಗೆ ಸದನದಲ್ಲಿ ಮೀಸಲು ಸ್ಥಾನ: ಬ್ರಿಟನ್ನಿನ ಕ್ರಮವೋ, ನಮ್ಮದೋ?

ಬ್ರಿಟನ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಚರ್ಚಿನ 26 ಬಿಷಪರಿಗೆ ಸ್ಥಾನ ಮೀಸಲಿದೆ. ಅಲ್ಲಿನ ಕ್ಯಾಥೊಲಿಕರಿಗಾಗಲಿ ಮುಸ್ಲಿಮರಿಗಾಗಲಿ ಅಂಥ ಹಕ್ಕಿಲ್ಲ. ನಮ್ಮಲ್ಲಿ ಯಾವ ಧರ್ಮಗುರುವಿಗೂ ಮೀಸಲು ಸ್ಥಾನವಿಲ್ಲ, ಚುನಾವಣೆಗೆ ನಿಲ್ಲಲು ಅಡ್ಡಿಯೂ ಇಲ್ಲ: ಗೋರಖನಾಥ ಮಠದ ಯೋಗಿ ಆದಿತ್ಯನಾಥರು 1998ರಲ್ಲಿ ಮತ ಪಡೆದೇ ಲೋಕಸಭೆಗೆ ಹೋದರು.

ಮೀಸಲಿನ ಪರವಾದ ವಾದ ಹಗುರವಾದದ್ದಲ್ಲ. ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶಕ್ಕೆ (ವಿಪ್) ಒಳಪಡದ, ಮರುಚುನಾವಣೆಯ ಚಿಂತೆಯಿಲ್ಲದ ಸದಸ್ಯರು ಬಡತನ, ವಲಸೆಯಂಥ ವಿಷಯಗಳಲ್ಲಿ ಸರ್ಕಾರವನ್ನು ನಿರ್ಭೀತಿಯಿಂದ ಪ್ರಶ್ನಿಸಬಲ್ಲರು.

ಆದರೆ ಅದೇ ಕ್ರಮವನ್ನು ನಮ್ಮ ಕರಾವಳಿಗೆ ಅನ್ವಯಿಸಿ ನೋಡಿದಾಗ ತೊಡಕು ಎದ್ದು ಕಾಣುತ್ತದೆ. ಉಡುಪಿಯಲ್ಲಿ ಎಂಟು ಮಠಗಳಿದ್ದು, ಕೃಷ್ಣಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಪರ್ಯಾಯದಲ್ಲಿ ಕೈ ಬದಲಾಗುತ್ತದೆ. ಮಂಗಳೂರಿನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಬಿಷಪರು ಬೇರೆ ಬೇರೆ. ಮೂಡುಬಿದಿರೆಯಲ್ಲಿ ಜೈನ ಮಠವಿದೆ, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಿಗೆ ಖಾಝಿಗಳಿದ್ದಾರೆ. ದೈವಾರಾಧನೆಯಲ್ಲಂತೂ ಎಲ್ಲರ ಪರವಾಗಿ ಮಾತಾಡುವ ಒಬ್ಬ ಗುರುವೇ ಇಲ್ಲ. ಇವರಲ್ಲಿ ಯಾರಿಗೆ ಸ್ಥಾನವೆಂಬುದನ್ನು ಸರ್ಕಾರವೇ ತೀರ್ಮಾನಿಸುವಂತಾದರೆ ಗುರುಪೀಠಗಳು ಸರ್ಕಾರದ ಹಂಗಿಗೆ ಬೀಳುತ್ತವೆ ಎಂಬುದೇ ನನ್ನ ದೊಡ್ಡ ಆತಂಕ. ಹೆಚ್ಚಿನ ಪೀಠಗಳಲ್ಲಿ ಹೆಂಗಸರಿಗೆ ಜಾಗವಿಲ್ಲವೆಂಬುದೂ ಸಣ್ಣ ಮಾತಲ್ಲ.

ಆದ್ದರಿಂದ ನಾನು ನಮ್ಮ ಕ್ರಮವನ್ನೇ ಆರಿಸುತ್ತೇನೆ. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಗಳಲ್ಲಿ ಅನುಭವವುಳ್ಳವರನ್ನು ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಮಾಡಲು ಸಂವಿಧಾನದ 171ನೇ ವಿಧಿಯಲ್ಲಿ ಅವಕಾಶವಿದೆ. ಶಾಲೆ, ಆಸ್ಪತ್ರೆ ಕಟ್ಟಿ ದುಡಿದ ಸ್ವಾಮಿಗಳೋ ಪಾದ್ರಿಗಳೋ ಪೀಠದ ಬಲದಿಂದಲ್ಲ, ಆ ಕೆಲಸದ ಬಲದಿಂದ ಅಲ್ಲಿಗೆ ಬರಬಹುದು.